ಕಿಲ್ಪೆಕ್ ಚರ್ಚ್, ಹೆರೆಫರ್ಡ್‌ಶೈರ್: ಒಳಗೆ ಹೋಗೋ ಮುಂಚೆ ಹೊರಗಡೆ ಒಂದು ಸುತ್ತು ಹಾಕಿ

ರೇಟಿಂಗ್ ಮೊದಲೇ ಹೇಳ್ಬಿಡ್ತೀನಿ, 5ಕ್ಕೆ 4.5. ಅರ್ಧ ಯಾಕೆ ಕಟ್ ಮಾಡ್ದೆ ಅಂತ ಕೊನೇಲಿ ಹೇಳ್ತೀನಿ, ಅದರಲ್ಲಿ ಚರ್ಚಿಂದೇನೂ ತಪ್ಪಿಲ್ಲ.

ನಾವಿರೋದು ಬರ್ಮಿಂಗ್‌ಹ್ಯಾಮಲ್ಲಿ. ಹಾಸನದಿಂದ ಅಮ್ಮ ಬಂದಿದ್ರು, ವಿಸಿಟರ್ ವೀಸಾದಲ್ಲಿ, ಬಂದು ಎರಡು ತಿಂಗಳಾಗಿತ್ತು. ಎಲ್ಲರೂ ಮಾಡೋ ಲಿಸ್ಟ್ ನಾವೂ ಮುಗಿಸಿದ್ವಿ, ಲಂಡನ್, ಬಾತ್, ಸ್ಟೋನ್‌ಹೆಂಜ್. ಸ್ಟೋನ್‌ಹೆಂಜಲ್ಲಿ ಅಷ್ಟು ದುಡ್ಡು ಕೊಟ್ಟು ಹಗ್ಗದ ಈಚೆ ನಿಂತು ನೋಡಿದ್ಮೇಲೆ ಅಮ್ಮ "ಇನ್ನು ಟಿಕೆಟ್ ಇರೋ ಜಾಗಕ್ಕೆ ನಾನು ಬರಲ್ಲ ಕಣೋ" ಅಂತ ಖಡಾಖಂಡಿತವಾಗಿ ಹೇಳ್ಬಿಟ್ರು. ಆಗ ಆಫೀಸಲ್ಲಿ ಒಬ್ರು ಹೇಳಿದ್ರು, ನೀವು ಹಳೇಬೀಡು ಕಡೆಯವರು ಅಂತೀರಲ್ಲ, ಕಲ್ಲಿನ ಕೆತ್ತನೆ ಇಷ್ಟ ಆಗತ್ತೆ ಅಂದ್ರೆ ಕಿಲ್ಪೆಕ್‌ಗೆ ಹೋಗಿ, ಟಿಕೆಟ್ಟೂ ಇಲ್ಲ ಜನಾನೂ ಇಲ್ಲ ಅಂತ. ಸರಿ, ಒಂದು ಶನಿವಾರ ಚಿತ್ರಾನ್ನ, ಮೊಸರನ್ನ, ಫ್ಲಾಸ್ಕಲ್ಲಿ ಕಾಫಿ ಕಟ್ಕೊಂಡು ನಾನು, ನನ್ನ ಹೆಂಡ್ತಿ, ಅಮ್ಮ, ಏಳು ವರ್ಷದ ಮಗಳು ನಾಲ್ಕು ಜನ ಹೊರಟ್ವಿ.

ಹೆರೆಫರ್ಡ್ ಊರು ದಾಟಿ ವೇಲ್ಸ್ ಗಡಿ ಕಡೆ ಎ465 ರೋಡಲ್ಲಿ ಹೋಗ್ತಾ ಎಂಟೊಂಬತ್ತು ಮೈಲಿ ಆದ್ಮೇಲೆ ಎಡಕ್ಕೆ ತಿರುಗ್ಬೇಕು. ಅಲ್ಲಿಂದ ಮುಂದೆ ಎರಡೂ ಕಡೆ ಬೇಲಿ, ಒಂದೇ ಒಂದು ಕಾರು ಹೋಗೋಷ್ಟು ಜಾಗ, ಎದುರಿಗೆ ಟ್ರ್ಯಾಕ್ಟರ್ ಬಂದ್ರೆ ರಿವರ್ಸೇ ಗತಿ. ಬಂತು. ರಿವರ್ಸ್ ಹಾಕಿದ್ವಿ. ನಮ್ಮೂರಿನ ತೋಟದ ದಾರಿ ತರಾನೇ ಇದೆ ಅಂತ ಅಮ್ಮನಿಗೆ ಮಾತ್ರ ಬಹಳ ಖುಷಿ.

ಕಾರಿಳಿದ ತಕ್ಷಣ ನಿಜ ಹೇಳ್ಬೇಕಂದ್ರೆ ಸಪ್ಪೆ ಅನ್ನಿಸ್ತು. ಕೆಂಪು ಕಲ್ಲಿನ ಒಂದು ಪುಟ್ಟ ಕಟ್ಟಡ, ಸುತ್ತ ಗೋರಿಗಳು, ಹುಲ್ಲು, ಆ ಕಡೆ ಹೊಲ. ಎತ್ತರದ ಗೋಪುರ ಗೀಪುರ ಏನೂ ಇಲ್ಲ, ಪಶ್ಚಿಮದ ತುದೀಲಿ ಗಂಟೆ ಕಟ್ಟೋಕೆ ಒಂದು ಸಣ್ಣ ಗೂಡು ಅಷ್ಟೆ. ಅಮ್ಮ "ಇಷ್ಟು ದೂರ ಬಂದಿದ್ದು ಇಷ್ಟುದ್ದ ಗುಡಿ ನೋಡಕ್ಕಾ" ಅಂದ್ರು. ನಾನೂ ಒಳಗೊಳಗೆ ಅದನ್ನೇ ಅಂದ್ಕೋತಿದ್ದೆ. ಆದ್ರೆ ದಕ್ಷಿಣದ ಬಾಗಿಲ ಹತ್ರ ಹೋಗಿ ನಿಂತ್ಮೇಲೆ ನಾಲ್ಕು ಜನಕ್ಕೂ ಐದು ನಿಮಿಷ ಮಾತೇ ಇಲ್ಲ, ಮಗಳು ಸೇರಿ.

ಬಾಗಿಲಿನ ಬಗ್ಗೆ ಹೇಳೋ ಮುಂಚೆ ಸ್ವಲ್ಪ ಹಿನ್ನೆಲೆ ಬೇಕು. ಫ್ರಾನ್ಸ್ ಕಡೆಯಿಂದ ಬಂದ ನಾರ್ಮನ್ನರು 1066ರಲ್ಲಿ ಇಂಗ್ಲೆಂಡ್ ಗೆದ್ದ ಮೇಲೆ ಈ ವೇಲ್ಸ್ ಗಡಿ ಉದ್ದಕ್ಕೂ ತಮ್ಮ ಕಡೆಯ ಸರದಾರರನ್ನ ಕೂರಿಸಿದ್ರು, ಕಿಲ್ಪೆಕ್ ಸಿಕ್ಕಿದ್ದು ವಿಲಿಯಂ ಫಿಟ್ಜ್ ನಾರ್ಮನ್ ಅನ್ನೋನಿಗೆ, 1086ರಲ್ಲಿ ರಾಜ ಮಾಡಿಸಿದ ಜಮೀನಿನ ಲೆಕ್ಕ ಡೂಮ್ಸ್‌ಡೇ ಪುಸ್ತಕದಲ್ಲೇ ಅದು ದಾಖಲಾಗಿದೆ. ಆಮೇಲೆ ಅದೇ ಮನೆತನದ ಹ್ಯೂ ಅನ್ನೋನ ಕಾಲದಲ್ಲಿ, ಸುಮಾರು 1140ರಲ್ಲಿ, ಈಗಿರೋ ಚರ್ಚ್ ಎದ್ದಿದ್ದು. ಹ್ಯೂ ಇದನ್ನ ಗ್ಲೌಸ್ಟರ್ ಮಠಕ್ಕೆ ದಾನ ಕೊಟ್ಟ. ಆದ್ರೆ ಜಾಗ ಅದಕ್ಕಿಂತ ಹಳೇದು, ಈ ಸೀಮೆಗೆ ಆರ್ಚನ್‌ಫೀಲ್ಡ್ ಅಂತ ಹೆಸರು, ಮೊದಲಿಂದ ವೆಲ್ಶ್ ಜನ ಇದ್ದ ಕಡೆ, ಚರ್ಚಿನ ಹೆಸರಲ್ಲೂ ಸೇಂಟ್ ಮೇರಿ ಜೊತೆ ವೇಲ್ಸಿನ ಸಂತ ಸೇಂಟ್ ಡೇವಿಡ್ ಇದ್ದಾನೆ. ಅಂದ್ರೆ ನಾರ್ಮನ್ ಯಜಮಾನ, ವೆಲ್ಶ್ ನೆಲ, ಇಂಗ್ಲಿಷ್ ರಾಜ್ಯ, ಮೂರೂ ಒಂದೇ ಕಡೆ ಬಂದು ಸೇರಿದ್ದು. ಈ ಕಲಸುಮೇಲೋಗರ ಕೆತ್ತನೇಲೂ ಕಾಣತ್ತೆ.

1140 ಅಂದ ತಕ್ಷಣ ನನಗೆ ಹೊಳೆದಿದ್ದು ಬೇಲೂರು, 1117. ಇಪ್ಪತ್ತು ಮೂವತ್ತು ವರ್ಷ ಹೆಚ್ಚುಕಮ್ಮಿ, ಅಲ್ಲಿ ನಮ್ಮವರು ಬಳಪದ ಕಲ್ಲಿನ ಮೇಲೆ ಉಳಿ ಹಿಡಿದಿದ್ದ ಕಾಲಕ್ಕೇ ಇಲ್ಲಿ ಇವರು ಕೆಂಪು ಮರಳುಗಲ್ಲಿನ ಮೇಲೆ ಉಳಿ ಹಿಡಿದಿದ್ರು. ಅವರಿಗೆ ಇವರು ಗೊತ್ತಿಲ್ಲ, ಇವರಿಗೆ ಅವರು ಗೊತ್ತಿಲ್ಲ. ನಯಗಾರಿಕೇಲಿ ಹೋಲಿಸಕ್ಕೆ ಹೋಗ್ಬೇಡಿ, ಬೇಲೂರಿನ ಒಂದು ಮದನಿಕೆಯ ಓಲೇಲಿರೋ ಕುಸುರಿ ಈ ಇಡೀ ಚರ್ಚಲ್ಲಿ ಹುಡುಕಿದ್ರೂ ಸಿಗಲ್ಲ. ಇಲ್ಲಿ ಮಜಾ ಇರೋದು ಬೇರೆ ತರದ್ದು.

ಈಗ ಬಾಗಿಲು. ಮೇಲ್ಗಡೆ ಅರ್ಧಚಂದ್ರದ ಕಲ್ಲಲ್ಲಿ ಒಂದು ಬಳ್ಳಿ ತರದ ಮರ, ಜೀವವೃಕ್ಷ ಅಂತಾರೆ. ಅದರ ಸುತ್ತ ಕಮಾನಿನ ಮೇಲೆ ಸಾಲಾಗಿ ಹಕ್ಕಿಮೂತಿ ಪ್ರಾಣಿಗಳು, ರಾಕ್ಷಸಮುಖಗಳು, ಮಧ್ಯೆ ಒಬ್ಬ ದೇವದೂತ. ಎರಡೂ ಪಕ್ಕದ ಹೊರಗಂಬಗಳಲ್ಲಿ ಹಾವುಗಳು, ಒಂದರ ಬಾಲ ಇನ್ನೊಂದರ ಬಾಯಲ್ಲಿ, ಮೇಲಿಂದ ಕೆಳಗಿನ ತನಕ ಹೆಣೆದುಕೊಂಡಿವೆ. ಹಾವು ಪೊರೆ ಬಿಡೋದು ಮರುಹುಟ್ಟಿನ ಸಂಕೇತ ಅಂತ ಒಂದು ವಾದ, ಸುಮ್ನೆ ಅಲಂಕಾರ ಅಂತ ಇನ್ನೊಂದು. ಎಡಗಡೆ ಒಳಗಂಬದಲ್ಲಿ ಇಬ್ಬರು ಸೈನಿಕರು, ಒಬ್ಬರ ಮೇಲೊಬ್ಬರು, ಟೊಪ್ಪಿ ಹಾಕ್ಕೊಂಡು ಗೆರೆಗೆರೆ ಪ್ಯಾಂಟು ತೊಟ್ಟು ಬಳ್ಳಿ ಮಧ್ಯೆ ಸಿಕ್ಕಿಹಾಕ್ಕೊಂಡಿದ್ದಾರೆ. ಮಗಳು "ಅಪ್ಪ ಅವ್ರು ಪೈಜಾಮ ಹಾಕಿದ್ದಾರೆ" ಅಂದ್ಲು, ನೋಡಿದ್ರೆ ಹೌದು, ಪೈಜಾಮಾನೇ.

ಬಲಗಡೆ ಕಂಬದ ತಲೆ ಮೇಲೆ ಒಂದು ಮುಖ, ಅದರ ಬಾಯಿಂದ ಬಳ್ಳಿಗಳು ಹೊರಗೆ ಬಂದು ಆ ಕಡೆ ಈ ಕಡೆ ಹರಡ್ಕೊಂಡಿವೆ. ಇಲ್ಲಿನವರು ಇದಕ್ಕೆ ಗ್ರೀನ್ ಮ್ಯಾನ್ ಅಂತಾರೆ. ಅಮ್ಮ ನೋಡಿ ಒಂದು ಕ್ಷಣಾನೂ ಯೋಚನೆ ಮಾಡ್ದೆ "ಕೀರ್ತಿಮುಖ" ಅಂದ್ರು. ಅದಲ್ಲಮ್ಮ ಇದು ಬೇರೆ ಅಂತ ಹೇಳಕ್ಕೆ ಹೊರಟು ಸುಮ್ಮನಾದೆ, ಯಾಕಂದ್ರೆ ಬಾಗಿಲು, ಬಾಗಿಲ ಮೇಲೆ ಗುರಾಯಿಸೋ ಮುಖ, ಬಾಯಿಂದ ಬಳ್ಳಿ, ಇಷ್ಟು ನೋಡಿದ್ಮೇಲೆ ಹಾಸನದ ಹೆಂಗಸಿಗೆ ಇನ್ನೇನು ಅನ್ನಿಸ್ಬೇಕು ಹೇಳಿ.

ಇಲ್ಲಿ ಎಲ್ಲರೂ ಮಾಡೋ ತಪ್ಪು ಅಂದ್ರೆ ಬಾಗಿಲು ನೋಡಿ, ಫೋಟೋ ತೆಗೆದು, ಸೀದಾ ಒಳಗೆ ಹೋಗಿ, ಹತ್ತು ನಿಮಿಷಕ್ಕೆ ವಾಪಸ್ ಕಾರು ಹತ್ತೋದು. ನಮ್ಮ ಕಣ್ಣೆದುರೇ ಒಂದು ಜೋಡಿ ಹಂಗೇ ಬಂದು ಹಂಗೇ ಹೋಯ್ತು. ದಯವಿಟ್ಟು ಹಂಗೆ ಮಾಡ್ಬೇಡಿ. ತಲೆ ಎತ್ತಿ, ಸೂರಿನ ಕೆಳಗೆ ನೋಡಿ. ಛಾವಣಿ ಗೋಡೆಗೆ ಕೂಡೋ ಜಾಗದಲ್ಲಿ ಕಟ್ಟಡದ ಸುತ್ತ ಸಣ್ಣ ಸಣ್ಣ ಕಲ್ಲಿನ ಚಾಚುಗಳಿವೆ, ಕಾರ್ಬೆಲ್ ಅಂತಾರೆ, ನಮ್ಮ ಮನೆ ತೊಲೆಯ ತುದಿ ಗೋಡೆಯಿಂದ ಆಚೆ ಇಣುಕತ್ತಲ್ಲ ಆ ತರ. ಒಂದೊಂದರ ಮೇಲೂ ಒಂದೊಂದು ಕೆತ್ತನೆ. 1842ರಲ್ಲಿ ಜಿ. ಆರ್. ಲೂಯಿಸ್ ಅನ್ನೋ ಕಲಾವಿದ ಇವನ್ನೆಲ್ಲ ಚಿತ್ರ ಬರೆದು ಪ್ರಕಟಿಸಿದಾಗ 91 ಇದ್ವು, ಈಗ 85 ಉಳಿದಿವೆ. ಸುಮಾರು ಒಂಬೈನೂರು ವರ್ಷ ಮಳೆ ಚಳಿ ತಿಂದು, ಇದ್ದ ಜಾಗದಲ್ಲೇ ಇಷ್ಟು ಉಳಿದಿರೋದು ಇಂಗ್ಲೆಂಡಲ್ಲಿ ಬಹಳ ಬಹಳ ಅಪರೂಪ.

ಏನೇನಿದೆ ಅಂತೀರಾ? ಒಂದು ನಾಯಿ ಒಂದು ಮೊಲ, ಅಕ್ಕಪಕ್ಕ ಕೂತು ಫೋಟೋಗೆ ಪೋಸ್ ಕೊಟ್ಟಂಗಿವೆ, ನಾಯಿಗೆ ಜೋತುಬಿದ್ದ ಕಿವಿ, ಗುಂಡು ಕಣ್ಣು, ಇವತ್ತಿನ ಕಾರ್ಟೂನ್ ಬರೆಯೋರು ಬರೆದಿದ್ದಾರೆ ಅಂದ್ರೆ ನಂಬ್ತೀರ. ಒಬ್ಬ ವಾದ್ಯ ಬಾರಿಸ್ತಿದ್ದಾನೆ. ಇಬ್ಬರು ತಬ್ಬಿಕೊಂಡಿದ್ದಾರೋ ಕುಸ್ತಿ ಆಡ್ತಿದ್ದಾರೋ ಗೊತ್ತಾಗಲ್ಲ, ನನ್ನ ಹೆಂಡ್ತಿ ತಬ್ಬಿರೋದು ಅಂತಾಳೆ, ನಾನು ಕುಸ್ತಿ ಅಂತೀನಿ. ಏಸುವಿನ ಗುರುತಾದ ಶಿಲುಬೆ ಹೊತ್ತ ಕುರಿಮರಿ ಇದೆ, ಅದರ ಜೊತೆ ಅದೇ ಸಾಲಲ್ಲಿ ಹಂದಿ, ಹಕ್ಕಿ, ಮನುಷ್ಯರನ್ನ ನುಂಗ್ತಿರೋ ಭೂತ, ಎಲ್ಲ ಸರಿಸಮ. ಆ ಕಾಲದಲ್ಲಿ ಪ್ರಾಣಿಗಳ ಕತೆ ಹೇಳಿ ನೀತಿ ಹೇಳೋ ಚಿತ್ರಪುಸ್ತಕಗಳು ಇರ್ತಿದ್ವು, ಅಲ್ಲಿಂದ ಕೆಲವು ಬಂದಿವೆ ಅಂತ ಪಂಡಿತರು ಗುರುತಿಸಿದ್ದಾರೆ. ಆದ್ರೆ ಎಲ್ಲಕ್ಕೂ ಆ ಲೆಕ್ಕ ಕೂಡಲ್ಲ. ನನಗೇನೋ ಕೆತ್ತೋರು ಊಟ ಆದ್ಮೇಲೆ ಕೂತ್ಕೊಂಡು "ನೀನು ಏನ್ ಮಾಡ್ತೀಯ ಇವತ್ತು, ನಾನು ಮೊಲ ಮಾಡ್ತೀನಿ" ಅಂತ ಮಾತಾಡ್ಕೊಂಡು ಮಾಡಿದಂಗೆ ಕಾಣತ್ತೆ. ತಪ್ಪಿರಬಹುದು, ಆದ್ರೆ ಆ ಮೊಲ ನೋಡಿ ಆಮೇಲೆ ಹೇಳಿ.

ಇನ್ನು ಆ ಫೇಮಸ್ ಕಲ್ಲು. ಚರ್ಚಿನ ಪೂರ್ವದ ತುದಿ ಅರ್ಧ ವೃತ್ತದ ತರ ದುಂಡಗಿದೆ, ಆ ಕಡೆ ಸಾಲಲ್ಲಿ ಒಂದು ಹೆಂಗಸಿನ ಆಕೃತಿ, ದೊಡ್ಡ ಬೋಳು ತಲೆ, ಎರಡೂ ಕೈಯಿಂದ ತನ್ನ ಯೋನಿ ಅಗಲಿಸಿ ತೋರಿಸ್ತಿದ್ದಾಳೆ. ಶೀಲಾ ನಾ ಗಿಗ್ ಅಂತ ಹೆಸರು, ಐರ್ಲೆಂಡ್ ಬ್ರಿಟನ್ ಎರಡೂ ಕಡೆ ಹಳೇ ಚರ್ಚು ಕೋಟೆಗಳ ಮೇಲೆ ಈ ತರದವು ಇವೆ, ಅದರಲ್ಲಿ ಅತೀ ಪ್ರಸಿದ್ಧವಾಗಿರೋದು ಇವಳೇ. ಕಾಮದ ಬಗ್ಗೆ ಎಚ್ಚರಿಕೆ ಅಂತ ಕೆಲವರು, ದೃಷ್ಟಿ ತಾಗದಿರಲಿ ಅಂತ ಇಟ್ಟಿದ್ದು ಅಂತ ಕೆಲವರು, ಸಂತಾನದ ದೇವತೆ ಅಂತ ಇನ್ನು ಕೆಲವರು. ಮಗಳನ್ನ ಹೆಂಡ್ತಿ ಜೊತೆ ಆ ಕಡೆ ಕಳಿಸಿ ನಾನು ಅಮ್ಮನಿಗೆ ತೋರಿಸೋದಾ ಬೇಡ್ವಾ ಅಂತ ಒದ್ದಾಡ್ತಿದ್ರೆ ಅಮ್ಮನೇ ನೋಡ್ಬಿಟ್ಟು "ಬಾದಾಮಿ ಮ್ಯೂಸಿಯಮ್ಮಲ್ಲಿ ಇತ್ತಲ್ಲ, ತಲೆ ಬದಲು ಕಮಲ ಇರೋದು, ಅದೇ ತಾನೇ" ಅಂತ ಕೇಳಿದ್ರು. ನಾಗನಾಥಕೊಳ್ಳದ ಲಜ್ಜಾಗೌರಿ. ನಾನು ಸ್ಕೂಲ್ ಟ್ರಿಪ್ಪಲ್ಲಿ ನೋಡಿ ನಕ್ಕಿದ್ದು ಬಿಟ್ರೆ ಮರ್ತೇ ಹೋಗಿದ್ದೆ. ಎರಡಕ್ಕೂ ಸಂಬಂಧ ಇದೆ ಅಂತ ನಾನು ಹೇಳ್ತಿಲ್ಲ, ಸಾವಿರಾರು ಮೈಲಿ, ನೂರಾರು ವರ್ಷದ ಅಂತರ ಇದೆ, ಮೇಲಾಗಿ ಲಜ್ಜಾಗೌರಿ ಶಾಂತವಾಗಿ ಪೂಜೆ ಮಾಡಿಸ್ಕೊಳ್ಳೋ ದೇವಿ, ಇವಳು ಹಲ್ಲು ಕಿರಿದು ನಿಮ್ಮನ್ನೇ ಕಿಚಾಯಿಸ್ತಾಳೆ. ಆದ್ರೂ ಅಮ್ಮ ಕೈ ಮುಗಿದ್ರು.

ಪಶ್ಚಿಮದ ಗೋಡೆ ಹತ್ರ ಹೋದ್ರೆ ಇನ್ನೊಂದು ಮಜಾ. ಗೋಡೆಯಿಂದ ಆಚೆಗೆ ಚಾಚಿಕೊಂಡು ಡ್ರ್ಯಾಗನ್ ತಲೆಗಳು, ಬಾಯಿ ಕಳೆದು ನಾಲಿಗೆ ಸುರುಳಿ ಸುತ್ಕೊಂಡಿವೆ, ವೈಕಿಂಗ್ ಹಡಗಿನ ಮೂತಿ ಇರತ್ತಲ್ಲ ಥೇಟ್ ಹಂಗೆ. ನಾರ್ಮನ್ನರ ಮೂಲಾನೇ ವೈಕಿಂಗರು, ಜೊತೆಗೆ ಇಂಗ್ಲೆಂಡಲ್ಲಿ ಮೊದಲೇ ಸ್ಕ್ಯಾಂಡಿನೇವಿಯಾದ ಕೆತ್ತನೆ ಶೈಲಿ ಬೇರು ಬಿಟ್ಟಿತ್ತು, ಹಾಗಾಗಿ ಅದು ಇಲ್ಲಿ ಬಂದಿರೋದ್ರಲ್ಲಿ ಆಶ್ಚರ್ಯ ಇಲ್ಲ. ಮಗಳಿಗೆ ಅತೀ ಇಷ್ಟ ಆಗಿದ್ದು ಇದೇ.

ಒಳಗಡೆ. ನಾವು ಹೋದಾಗ ಬಾಗಿಲು ತೆಗೆದೇ ಇತ್ತು, ತಳ್ಳಿದ್ವಿ, ಹೋದ್ವಿ, ಕೇಳೋರು ಯಾರೂ ಇಲ್ಲ. ಅಮ್ಮ ಚಪ್ಪಲಿ ಹೊರಗೆ ಬಿಟ್ರು, ಬೇಡಮ್ಮ ಅಂದ್ರೂ ಕೇಳಲಿಲ್ಲ, ಆಮೇಲೆ ಕಲ್ಲು ಐಸ್ ಆಗಿದೆ ಅಂತ ಹೋಗಿ ಸಾಕ್ಸ್ ಹಾಕ್ಕೊಂಡು ಬಂದ್ರು. ಪ್ಲಾನ್ ಬಹಳ ಸರಳ, ಒಂದರ ಹಿಂದೆ ಒಂದು ಮೂರು ಭಾಗ. ಜನ ಕೂರೋ ಉದ್ದ ಹಜಾರ, ಅದರಾಚೆ ಪಾದ್ರಿಗಳ ಜಾಗ, ಕೊನೆಗೆ ಅರ್ಧ ದುಂಡಗಿರೋ ಪೂಜೆಯ ಜಾಗ. ನಮ್ಮ ಲೆಕ್ಕದಲ್ಲಿ ನವರಂಗ, ಸುಕನಾಸಿ, ಗರ್ಭಗುಡಿ ಅಂದ್ಕೊಂಡ್ರೆ ಅಮ್ಮನಂಥವರಿಗೆ ಥಟ್ ಅಂತ ಅರ್ಥ ಆಗತ್ತೆ, ಪೂರ್ತಿ ಸರಿ ಅಲ್ಲ ಆದ್ರೂ ಪರವಾಗಿಲ್ಲ. ಹಜಾರದಿಂದ ಮುಂದಕ್ಕೆ ಹೋಗೋ ಕಮಾನಿನ ಎರಡೂ ಪಕ್ಕ ಕಂಬದ ಮೇಲೆ ಮೂರು ಮೂರು ಸಂತರು, ಒಬ್ಬರ ತಲೆ ಮೇಲೆ ಇನ್ನೊಬ್ಬರು ನಿಂತಂಗೆ. ಒಬ್ಬನ ಕೈಲಿ ಬೀಗದ ಕೈ, ಅವನು ಸೇಂಟ್ ಪೀಟರ್. ಹೊರಗಿನ ಗಲಾಟೆ ನೋಡಿ ಬಂದವರಿಗೆ ಇವರು ತೀರಾ ಗಂಭೀರ, ಪರೀಕ್ಷೆ ಹಾಲಲ್ಲಿ ನಿಂತ ಮೇಷ್ಟ್ರುಗಳ ತರ. ಕಂಬದ ಮೇಲೆ ಹಿಂಗೆ ಮನುಷ್ಯರನ್ನ ಪೇರಿಸೋದು ಸ್ಪೇನಿನ ಸಾಂಟಿಯಾಗೋ ದೇವಾಲಯದಲ್ಲಿದೆ, ಆ ಐಡಿಯಾ ಇಲ್ಲಿಗೆ ಹೆಂಗೆ ಬಂತು ಅನ್ನೋದಕ್ಕೆ ಒಂದು ಕತೆ ಇದೆ, ಅದೇ ನನಗೆ ಈ ಟ್ರಿಪ್ಪಲ್ಲಿ ತಲೇಲಿ ಕೂತಿದ್ದು.

ಇದೇ ಜಿಲ್ಲೆಯ ಉತ್ತರಕ್ಕೆ ಶಾಬ್ಡನ್ ಅಂತ ಊರು. ಅಲ್ಲಿನ ಜಹಗೀರುದಾರ ಹ್ಯೂ ಮಾರ್ಟಿಮರ್, ಅವನ ಹತ್ರ ಪಾರುಪತ್ಯಗಾರನಾಗಿದ್ದವನು ಆಲಿವರ್ ಡಿ ಮೆರ್ಲಿಮಾಂಡ್. ಈ ಆಲಿವರ್ ಸಾಂಟಿಯಾಗೋಗೆ ಯಾತ್ರೆ ಹೋಗಿ ಬಂದ, ಶಾಬ್ಡನ್ನಲ್ಲಿ ಒಂದು ಚರ್ಚ್ ಕಟ್ಟಿಸ್ದ, ಅದೇ ಕೈಗಳು ಅಥವಾ ಅದೇ ತಂಡದವರು ಕಿಲ್ಪೆಕ್ಕಲ್ಲೂ ಕೆಲಸ ಮಾಡಿದ್ರು ಅಂತ ಶೈಲಿ ನೋಡಿ ಹೇಳ್ತಾರೆ. ಈ ತಂಡಕ್ಕೆ ಈಗ ಹೆರೆಫರ್ಡ್‌ಶೈರ್ ಸ್ಕೂಲ್ ಅಂತಾನೇ ಹೆಸರು, ಸುತ್ತಮುತ್ತ ಬ್ರಿನ್ಸಪ್, ರೌಲ್‌ಸ್ಟೋನ್, ಈರ್ಡಿಸ್ಲೀ, ಕ್ಯಾಸಲ್ ಫ್ರೋಮ್ ಇಲ್ಲೆಲ್ಲ ಇವರ ಕೆಲಸ ಇದೆ.

ಶಾಬ್ಡನ್ನದು ಕಿಲ್ಪೆಕ್ಕಿಗಿಂತ ಮುಂಚಿನದ್ದು. ಆದ್ರೆ 1750ರ ದಶಕದಲ್ಲಿ ಅಲ್ಲಿನ ದೊಡ್ಡ ಮನುಷ್ಯರಿಗೆ ಹಳೇ ಚರ್ಚ್ ಬೇಡ ಅನ್ನಿಸ್ತು. ಕೆಡವಿ ಆ ಕಾಲದ ಫ್ಯಾಷನ್ನಿಗೆ ಬಿಳೀ ಬಣ್ಣದ, ಕೇಕ್ ಮೇಲಿನ ಐಸಿಂಗ್ ತರ ಇರೋ ಚರ್ಚ್ ಕಟ್ಟಿದ್ರು. ಹಳೇ ಕೆತ್ತನೆಯ ಕಮಾನುಗಳನ್ನ ತಗೊಂಡು ಹೋಗಿ ದೂರದಿಂದ ನೋಡಕ್ಕೆ ಚೆಂದ ಕಾಣ್ಲಿ ಅಂತ ಗುಡ್ಡದ ಮೇಲೆ ಬಯಲಲ್ಲಿ ನಿಲ್ಲಿಸಿದ್ರು. ಸೂರಿಲ್ಲ, ಮಳೇಲಿ ನೆಂದು ನೆಂದು ಈಗ ಮುಖ ಮೂತಿ ಗೊತ್ತಾಗದಷ್ಟು ಸವೆದಿವೆ. ಕಿಲ್ಪೆಕ್ ಉಳೀತು. ಯಾಕೆ? 14ನೇ ಶತಮಾನ ಆದ್ಮೇಲೆ ಈ ಸೀಮೆ ಸೊರಗಿತು, ಊರು ಕರಗಿತು, ಕೋಟೆ ಹಾಳಾಯ್ತು. ಇಂಗ್ಲೆಂಡಿನ ಬೇರೆ ಕಡೆ ಉಣ್ಣೆ ವ್ಯಾಪಾರದ ದುಡ್ಡು ಬಂದಲ್ಲೆಲ್ಲ ಹಳೇ ಚರ್ಚು ಒಡೆದು ದೊಡ್ಡ ಕಿಟಕಿ, ಎತ್ತರದ ಗೋಪುರ ಅಂತ ರಿಪೇರಿ ಮಾಡಿಸಿದ್ರು, ಇಲ್ಲಿ ಮಾಡ್ಸೋಣ ಅಂದ್ರೆ ದುಡ್ಡಿರೋ ಪುಣ್ಯಾತ್ಮ ಯಾರೂ ಇರಲಿಲ್ಲ. ಬಡತನಾನೇ ಕಾಪಾಡಿದ್ದು ಅಂತ ನನ್ನ ಲೆಕ್ಕ. ನಮ್ಮೂರಿನ ಹಳೇ ಗುಡಿಗಳಿಗೆ ಯಾರೋ ದಾನಿಗಳು ಗ್ರಾನೈಟ್ ಹಾಕ್ಸಿ ಆಯಿಲ್ ಪೇಂಟ್ ಬಳಿಸಿ ಟೈಲ್ಸ್ ಮೆತ್ತಿಸಿರೋದು ನೋಡಿರೋನಿಗೆ ಇದು ಬೇಗ ಅರ್ಥ ಆಗತ್ತೆ. 17ನೇ ಶತಮಾನದಲ್ಲಿ ಪ್ಯೂರಿಟನ್ನರು, ಅಂದ್ರೆ ಚರ್ಚಲ್ಲಿ ಮೂರ್ತಿ ಅಲಂಕಾರ ಬೇಡ ಅನ್ನೋ ಕಟ್ಟಾ ಪ್ರಾಟೆಸ್ಟಂಟರು, ಎಷ್ಟೋ ಚರ್ಚುಗಳಲ್ಲಿ ಮೂರ್ತಿಗಳನ್ನ ಒಡೆದ್ರು, ಅವರ ಕೈಯಿಂದಾನೂ ಇದು ತಪ್ಪಿಸ್ಕೊಂಡಿದೆ. ಆ ಶೀಲಾಳನ್ನ ನೋಡಿಯೂ ಬಿಟ್ಟು ಹೋದ್ರು ಅಂದ್ರೆ ಅವರು ಈ ಕಡೆ ಬಂದೇ ಇರಲಿಲ್ಲ ಅಂತ ಕಾಣತ್ತೆ.

ಒಂದು ಬೇಜಾರು ಅಂದ್ರೆ ಇದನ್ನ ಕೆತ್ತಿದವನ ಹೆಸರು ಗೊತ್ತಿಲ್ಲ. ಬೇಲೂರಲ್ಲಿ ಬಳ್ಳಿಗಾವಿಯ ದಾಸೋಜ, ಅವನ ಮಗ ಚಾವಣ ಅಂತ ಕಲ್ಲಿನ ಮೇಲೇ ಬರ್ಕೊಂಡಿದ್ದಾರೆ, ಬಿರುದು ಬಾವಲಿ ಸಮೇತ. ಇಲ್ಲಿ ಅಂಥ ಒಂದು ಸಾಲು ಹುಡುಕ್ಕೊಂಡು ಗೋಡೆ ಉದ್ದಕ್ಕೂ ನಡೆದೆ, ಸಿಗಲಿಲ್ಲ.

ಚರ್ಚಿನ ಹಿಂದೇನೇ ಒಂದು ದಿಬ್ಬ, ಅದು ಕೋಟೆ ಇದ್ದ ಜಾಗ. ಮೇಲೆ ಒಂದೆರಡು ಗೋಡೆ ಚೂರು ಬಿಟ್ರೆ ಏನಿಲ್ಲ, ಕಿಂಗ್ ಜಾನ್ ಇಲ್ಲಿ ಬಂದು ಉಳ್ಕೋತಿದ್ದ ಅಂದ್ರೆ ನಂಬೋಕೆ ಆಗಲ್ಲ. ಹತ್ತೋಕೆ ಎರಡು ನಿಮಿಷ, ಹುಲ್ಲು ಒದ್ದೆ ಇದ್ರೆ ಜಾರತ್ತೆ, ಅಮ್ಮ ಬರಲಿಲ್ಲ. ಮೇಲಿಂದ ನೋಡಿದ್ರೆ ಚರ್ಚಿನ ಆ ಕಡೆ ಹೊಲದಲ್ಲಿ ನೆಲ ಉಬ್ಬುತಗ್ಗಾಗಿ ಕಾಣತ್ತೆ, ಅದೇ ಮಧ್ಯಯುಗದ ಹಳ್ಳಿ ಇದ್ದ ಜಾಗ, ಈಗ ಬೇಚರಾಕ್. ವ್ಯೂ ಚೆನ್ನಾಗಿದೆ, ವೇಲ್ಸಿನ ಬೆಟ್ಟ ಕಾಣತ್ತೆ.

ಹೋಗೋರಿಗೆ ನಾಲ್ಕು ಮಾತು. ಟಿಕೆಟ್ ಇಲ್ಲ, ಆದ್ರೆ ಹುಂಡಿಗೆ ಏನಾದ್ರೂ ಹಾಕಿ ಬನ್ನಿ, ಇಂಥ ಕಟ್ಟಡದ ಸೂರು ರಿಪೇರಿ ಅಂದ್ರೆ ಸುಮ್ನೆ ಅಲ್ಲ. ಈಗಲೂ ಪ್ರಾರ್ಥನೆ ನಡೆಯೋ ಚರ್ಚ್, ಭಾನುವಾರ ಹೋಗೋದಾದ್ರೆ ಟೈಮ್ ನೋಡ್ಕೊಂಡು ಹೋಗಿ. ಮಧ್ಯಾಹ್ನ ಸೂರ್ಯ ದಕ್ಷಿಣದ ಕಡೆ ಇದ್ದಾಗ ಬಾಗಿಲಿನ ಕೆತ್ತನೆ ಎದ್ದು ಕಾಣತ್ತೆ, ಮೋಡ ಇದ್ರೆ ಅರ್ಧ ಮಜಾ ಹೋಯ್ತು. ಊಟ ಮನೆಯಿಂದಾನೇ ತಗೊಂಡು ಹೋಗಿ. ವಾಪಸ್ ಬರ್ತಾ ದಾರೀಲಿ ಒಂದು ಪಬ್ಬಲ್ಲಿ ಬಿಸಿಯಾಗಿ ಏನಾದ್ರೂ ತಿನ್ನೋಣ ಅಂತ ನಿಲ್ಲಿಸಿದ್ರೆ ಎರಡೂವರೆಗೆ ಕಿಚನ್ ಕ್ಲೋಸ್ ಅಂದ್ರು, ಟೈಮ್ ಎರಡು ಮೂವತ್ತೈದು, ಚಿಪ್ಸ್ ಪ್ಯಾಕೆಟ್ ಮಾತ್ರ ಇದೆ ಅಂದ್ರು. ಚಿತ್ರಾನ್ನ ಇದ್ದಿದ್ದಕ್ಕೆ ಬಚಾವ್. ಟೈಮ್ ಇದ್ರೆ ಅದೇ ದಿನ ಈರ್ಡಿಸ್ಲೀ ಚರ್ಚಿನ ದೀಕ್ಷಾಸ್ನಾನದ ಕಲ್ಲಿನ ತೊಟ್ಟೀನೂ ನೋಡ್ಕೊಂಡು ಬನ್ನಿ, ಅದರ ಮೇಲೆ ಇಬ್ಬರು ಹೊಡೆದಾಡ್ತಿರೋ ಕೆತ್ತನೆ ಇದೆ, ಇದೇ ತಂಡದ್ದು. ನಮಗೆ ಆಗಲಿಲ್ಲ.

ಯಾಕೆ ಆಗಲಿಲ್ಲ ಅಂದ್ರೆ ಅಜ್ಜಿ ಮೊಮ್ಮಗಳು ಸೇರ್ಕೊಂಡು 85 ಇದೆಯಾ ಅಂತ ಎಣಿಸಕ್ಕೆ ಶುರು ಮಾಡಿದ್ರು. ಮೊದಲನೇ ಸುತ್ತಲ್ಲಿ 81 ಬಂತು. ಎರಡನೇ ಸುತ್ತು ಉಲ್ಟಾ ದಿಕ್ಕಿಂದ, 87. ಮೂರನೇ ಸುತ್ತಿಗೆ ನನ್ನನ್ನೂ ಎಳ್ಕೊಂಡ್ರು, ತಲೆ ಎತ್ತಿ ಎತ್ತಿ ಉತ್ತರದ ಗೋಡೆ ಮುಗಿಯೋ ಹೊತ್ತಿಗೆ ಕತ್ತು ಹಿಡ್ಕೊಂಡು ಸೋಮವಾರದ ತನಕ ಬಿಡಲಿಲ್ಲ, ಆ ಅರ್ಧ ಮಾರ್ಕ್ಸ್ ಅದಕ್ಕೇ ಕಟ್. ಬೈನಾಕ್ಯುಲರ್ ತಗೊಂಡು ಹೋಗಿ.